ಮೂರು ತಾಸಿನ ದಾರಿ ಅಲ್ಲದು

ಮಗಳ ಬಾಣಂತನಕ್ಕ ಅಂತ ಅಮೆರಿಕಾಕ್ಕ ಹೋಗೋ ತಾಯಂದಿರು ನಮ್ಮ ಕಡೆ ಈಗ ಭಾಳ. ಅದಕ್ಕ ಈ ಮಾತು.

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಕ್ಕ ಸುಮಾರು 14,000 ಕಿಲೋಮೀಟರ್. ನಡುವ ಎಲ್ಲೂ ಇಳೀದ ನೇರ ಹೋದ್ರೂ 16-17 ತಾಸು ಬೇಕ. ಚಳಿಗಾಲದಾಗ ಅಲ್ಲಿ ಗಡಿಯಾರ ನಮಗಿಂತ ಹದಿಮೂರೂವರಿ ತಾಸು ಹಿಂದ. ಹಿಂಗಾಗಿ ಸೋಮವಾರ ಮಧ್ಯಾಹ್ನ 2ಕ್ಕ ಹೊಂಟಾಕಿ ಅದೇ ಸೋಮವಾರ ಸಂಜಿ 5ರ ಸುಮಾರಿಗೆ ಇಳೀತಾಳ. ಟಿಕೇಟು ನೋಡಿದವರಿಗೆ ಬರೇ ಮೂರು ತಾಸು! ಆಕಿ ಮೈಗೆ ಮಾತ್ರ ಆಗ ಮಂಗಳವಾರ ಮುಂಜಾನಿ ಆರೂವರಿ. ಇಡೀ ರಾತ್ರಿ ಕುಂತ ಕಳದಿರ್ತಾಳ. ಅದಕ್ಕೂ ಮೊದಲ ಧಾರವಾಡದಿಂದ ಬೆಂಗಳೂರಿಗೆ ರಾತ್ರಿ ರೈಲು, ವಿಮಾನ ನಿಲ್ದಾಣದಾಗ ಮೂರು ತಾಸು ಕಾಯೂದು ಬ್ಯಾರೆ.

ಅಲ್ಲಿರೋ ಹೆಣ್ಣುಮಕ್ಕಳಾ, ಇಳಿದ ಮರುದಿನನ ಅವ್ವನ ಕೈಗೆ ಸವಟು ಕೊಡಬ್ಯಾಡ್ರಿ. ಹೆರಿಗಿ ದಿನಾ ಹತ್ರ ಬರೂತನಾ ಕಾಯದ, ಎರಡು ವಾರ ಮೊದಲ ಕರಿಸ್ಕೋರಿ. ಹಗಲು ರಾತ್ರಿ ಅದಲು ಬದಲಾಗಿದ್ದು ಮೈಗೆ ಹೊಂದಾಕ ದಿನಾ ಹಿಡೀತಾವ.

ಅಕ್ಕಂದಿರಾ, ನೀವೂ ಅಷ್ಟ. "ನನಗೇನಾಗೇತಿ, ಗಟ್ಟಿ ಅದೀನಿ" ಅಂತ ಹೋದ ಕೂಡ್ಲೆ ಒಲಿ ಮುಂದ ನಿಲ್ಲಬ್ಯಾಡ್ರಿ. ವಿಮಾನದಾಗ ಆಗಾಗ ಎದ್ದು ನಾಕು ಹೆಜ್ಜಿ ಅಡ್ಡಾಡ್ರಿ, ನೀರು ಕುಡೀರಿ. ಬಾಣಂತಿನ್ನ ನೋಡಾಕಿಗೂ ನಿದ್ದಿ ಬೇಕ್ರಿ.