ಜೀರ್ಣೋದ್ಧಾರದ ಧರ್ಮ ಮತ್ತು ಅಹಮದಾಬಾದಿನ ಆಧುನಿಕ ಕಟ್ಟಡಗಳು

ಸಾಬರಮತಿ ನದಿಯ ಎರಡು ದಂಡೆಗಳಲ್ಲಿ ಎರಡು ಅಹಮದಾಬಾದುಗಳಿವೆ. ಪೂರ್ವದಲ್ಲಿ 1411ರಲ್ಲಿ ಸುಲ್ತಾನ ಅಹಮದ್ ಶಾಹ ಸ್ಥಾಪಿಸಿದ ಕೋಟೆಯ ಪಟ್ಟಣ: 'ಪೋಳ್' ಎಂದು ಕರೆಯಲಾಗುವ ಇಕ್ಕಟ್ಟಾದ ಕೇರಿಗಳು, ಕೆತ್ತನೆಯ ಮರದ ಮನೆಗಳು, ಅವುಗಳ ನಡುವೆ ಜಿನಾಲಯಗಳು. ಪಶ್ಚಿಮದಲ್ಲಿ ಪಾಲಡಿ, ಆಶ್ರಮ ರಸ್ತೆ, ನವರಂಗಪುರಗಳ ಉದ್ದಕ್ಕೂ ಸ್ವಾತಂತ್ರ್ಯಾನಂತರ ಎದ್ದುನಿಂತ ಇಟ್ಟಿಗೆ ಮತ್ತು ಕಾಂಕ್ರೀಟಿನ ಕಟ್ಟಡಗಳು. ಮೊದಲನೆಯದನ್ನು ಯುನೆಸ್ಕೊ 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು; ಎರಡನೆಯದು ಆ ಗಡಿಯ ಹೊರಗೇ ಉಳಿಯಿತು. ಪ್ರಾಚೀನವಾದುದಷ್ಟೇ ಪರಂಪರೆ ಎಂಬ ಈ ಗ್ರಹಿಕೆ ಮರುಪರಿಶೀಲನೆಗೆ ಅರ್ಹವಾಗಿದೆ.

ಪಶ್ಚಿಮದಂಡೆಯ ಈ ವಾಸ್ತುವಿಗೆ ಆಶ್ರಯ ನೀಡಿದವರು ಬಹುಮಟ್ಟಿಗೆ ನಗರದ ಗಿರಣಿ ಮಾಲೀಕರು. ಅವರಲ್ಲಿ ಪ್ರಮುಖರು ಜೈನ ಮನೆತನದವರು. 1951ರಲ್ಲಿ ಲ ಕಾರ್ಬೂಸಿಯೆ ಈ ನಗರಕ್ಕೆ ಬಂದರು. ಆಶ್ರಮ ರಸ್ತೆಯ ಗಿರಣಿ ಮಾಲೀಕರ ಸಂಘದ ಭವನ 1954ರಲ್ಲಿ ಪೂರ್ಣಗೊಂಡಿತು. ರಸ್ತೆಗೆ ಮುಖಮಾಡಿದ ಅದರ ಪಶ್ಚಿಮ ಪಾರ್ಶ್ವದಲ್ಲಿ ಕಾಂಕ್ರೀಟಿನ ಫಲಕಗಳು ಓರೆಯಾಗಿ ನಿಂತು ಅಪರಾಹ್ಣದ ಬಿಸಿಲನ್ನು ತಡೆಯುತ್ತವೆ, ಗಾಳಿಯನ್ನು ಒಳಗೆ ಬಿಡುತ್ತವೆ. ಮನೋರಮಾ ಸಾರಾಭಾಯಿ ಅವರಿಗಾಗಿ ಕಟ್ಟಿದ ಮನೆಯ ಕಮಾನು ಛಾವಣಿಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಲಾಯಿತು. ಯುರೋಪಿನ ಶಿಲ್ಪಿಯ ಕಲ್ಪನೆ ಇಲ್ಲಿ ಗುಜರಾತಿನ ಬೇಸಿಗೆಗೆ ಉತ್ತರ ಹುಡುಕಿಕೊಳ್ಳಬೇಕಾಯಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇವೆಲ್ಲಕ್ಕಿಂತ ಮುಖ್ಯವಾದುದು ನವರಂಗಪುರದ ಲಾಲಭಾಯಿ ದಲಪತಭಾಯಿ ಭಾರತೀಯ ವಿದ್ಯಾಮಂದಿರ. ಮುನಿ ಪುಣ್ಯವಿಜಯರ ಪ್ರೇರಣೆಯಿಂದ ಕಸ್ತೂರಭಾಯಿ ಲಾಲಭಾಯಿ ಇದನ್ನು ಸ್ಥಾಪಿಸಿದರು. ಮುನಿಗಳು ತಾವು ಸಂಗ್ರಹಿಸಿದ್ದ ಸಾವಿರಾರು ಹಸ್ತಪ್ರತಿಗಳನ್ನು ಇದಕ್ಕೆ ಒಪ್ಪಿಸಿದರು. ಪಂಡಿತ ದಲಸುಖ ಮಾಲವಣಿಯಾ ಅವರ ನಿರ್ದೇಶನದಲ್ಲಿ ಪ್ರಾಕೃತ, ಸಂಸ್ಕೃತ ಗ್ರಂಥಗಳ ಸಂಪಾದನೆ ನಡೆಯಿತು. ಕಟ್ಟಡದ ವಿನ್ಯಾಸ ಬಿ. ವಿ. ದೋಶಿ ಅವರದು. ಎತ್ತರಿಸಿದ ಜಗತಿ, ಅಗಲವಾದ ಪಡಸಾಲೆ, ಅರ್ಧ ನೆಲದೊಳಗೆ ಇಳಿದ ತಂಪಾದ ಹಸ್ತಪ್ರತಿ ಕೋಶ. ಶ್ರುತಭಂಡಾರವೆಂಬ ಹಳೆಯ ಕಲ್ಪನೆ ಇಲ್ಲಿ ಬರಿಯ ಕಾಂಕ್ರೀಟಿನಲ್ಲಿ ಮರುಹುಟ್ಟು ಪಡೆದಿದೆ. ಇದನ್ನು ನೋಡಿದ ಮೇಲೆ ಪರಂಪರೆ ಮತ್ತು ಆಧುನಿಕತೆಯನ್ನು ಪರಸ್ಪರ ವಿರುದ್ಧ ಪದಗಳೆಂದು ಬಳಸುವುದು ಕಷ್ಟ.

ಆದರೂ ಇಂತಹ ಕಟ್ಟಡಗಳಿಗೆ ಕಾನೂನಿನ ಆಸರೆ ಕಡಿಮೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ನೂರು ವರ್ಷಗಳ ಆಯುಸ್ಸನ್ನು ಬೇಡುತ್ತದೆ. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ವಿನ್ಯಾಸಗೊಳಿಸಿದ್ದ 'ಹಾಲ್ ಆಫ್ ನೇಷನ್ಸ್' ಅರ್ಧ ಶತಮಾನವನ್ನೂ ಪೂರೈಸದೆ 2017ರಲ್ಲಿ ನೆಲಸಮವಾಯಿತು. ಅಹಮದಾಬಾದಿನಲ್ಲೇ ಲೂಯಿ ಕಾನ್ ವಿನ್ಯಾಸದ ಭಾರತೀಯ ನಿರ್ವಹಣಾ ಸಂಸ್ಥೆಯ ವಿದ್ಯಾರ್ಥಿನಿಲಯಗಳಲ್ಲಿ ಬಹುಭಾಗವನ್ನು ಕೆಡಹುವ ಪ್ರಸ್ತಾಪ 2020ರ ಡಿಸೆಂಬರಿನಲ್ಲಿ ಬಂದು, ವ್ಯಾಪಕ ವಿರೋಧದ ನಂತರ ಹಿಂತೆಗೆಯಲ್ಪಟ್ಟಿತು; 2022ರಲ್ಲಿ ಅದೇ ಪ್ರಶ್ನೆ ಮತ್ತೆ ತಲೆಯೆತ್ತಿತು. ಸಂಸ್ಥೆಯ ವಾದವನ್ನು ಹಗುರವಾಗಿ ಕಾಣಲಾಗದು. ಇಟ್ಟಿಗೆ ಶಿಥಿಲವಾಗಿದೆ, 2001ರ ಭೂಕಂಪದ ಪೆಟ್ಟು ಬಿದ್ದಿದೆ, ಒಳಗೆ ವಾಸಿಸುವವರ ಸುರಕ್ಷತೆ ಮೊದಲು. ಆದರೆ ಅದೇ ಆವರಣದ ಗ್ರಂಥಾಲಯ ಜೀರ್ಣೋದ್ಧಾರಗೊಂಡು 2019ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪುರಸ್ಕಾರ ಪಡೆಯಿತು. ಶಿಥಿಲತೆಗೆ ಕೆಡಹುವುದೊಂದೇ ಪರಿಹಾರವಲ್ಲ ಎಂಬುದಕ್ಕೆ ಸಾಕ್ಷಿ ಆ ಆವರಣದಲ್ಲೇ ಇದೆ.

ಜೈನ ಪರಂಪರೆಗೆ ಇದು ಹೊಸ ಪಾಠವೇನಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಶ್ರವಣಬೆಳಗೊಳದ ಶಾಸನಗಳು ಗಂಗವಾಡಿಯ ಬಸದಿಗಳ ಜೀರ್ಣೋದ್ಧಾರಕ್ಕಾಗಿ ಕೊಂಡಾಡುತ್ತವೆ. ಹೊಸದನ್ನು ಕಟ್ಟಿಸುವ ಪುಣ್ಯಕ್ಕೆ ಹಳೆಯದನ್ನು ಎತ್ತಿ ನಿಲ್ಲಿಸುವ ಪುಣ್ಯ ಕಡಿಮೆಯದೆಂದು ಆ ಕಾಲ ಭಾವಿಸಲಿಲ್ಲ. ಆನಂದಜಿ ಕಲ್ಯಾಣಜಿ ಸಂಸ್ಥೆಯ ಮುಖ್ಯಸ್ಥರಾಗಿ ರಾಣಕಪುರ, ದೆಲವಾಡಗಳ ಜಿನಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿದ ಕಸ್ತೂರಭಾಯಿ ಅವರೇ ದೋಶಿ ಅವರಿಂದ ವಿದ್ಯಾಮಂದಿರವನ್ನೂ ಕಟ್ಟಿಸಿದರು. ಒಬ್ಬನೇ ಶ್ರಾವಕನ ಈ ಎರಡು ಕಾರ್ಯಗಳಲ್ಲಿ ಒಂದನ್ನು ಮಾತ್ರ ಧರ್ಮವೆಂದು ಎಣಿಸುವುದು ಅನ್ಯಾಯ.

ಹಸ್ತಪ್ರತಿಯ ಗರಿ ಮುರಿದಿದೆಯೆಂದು ಯಾವ ಸಂಪಾದಕನೂ ಕಟ್ಟನ್ನು ಬೆಂಕಿಗೆ ಹಾಕುವುದಿಲ್ಲ. ಉಳಿದ ಪಾಠವನ್ನು ಕಾಪಾಡಿ, ಲುಪ್ತವಾದುದನ್ನು ಗುರುತಿಸುತ್ತಾನೆ. ಹಸ್ತಪ್ರತಿಗೆ ಪ್ರತಿಯನ್ನಾದರೂ ಮಾಡಿಸಬಹುದು, ಕಟ್ಟಡಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಪಶ್ಚಿಮದಂಡೆಯ ಕಟ್ಟಡಗಳನ್ನು ವಯಸ್ಸಿನಿಂದಲ್ಲದೆ ಮಹತ್ವದಿಂದ ಅಳೆದು ಪಟ್ಟಿಮಾಡುವುದು, ಅವುಗಳ ನಕ್ಷೆಗಳನ್ನು ದಾಖಲಿಸಿಡುವುದು, ಕೆಡಹುವ ನಿರ್ಧಾರಕ್ಕೆ ಮುನ್ನ ದುರಸ್ತಿಯ ಸಾಧ್ಯತೆಯನ್ನು ತಜ್ಞರಿಂದ ಪರೀಕ್ಷಿಸುವುದು ಆಗಬೇಕು. ನೂರು ವರ್ಷ ತುಂಬುವವರೆಗೆ ಕಾಯುವುದಾದರೆ ರಕ್ಷಿಸಲು ಉಳಿಯುವುದು ಛಾಯಾಚಿತ್ರಗಳು ಮಾತ್ರ.