ಚೀಲ ಹೊರುವ ಹುಡುಗನಿಗೆ ಜಾನಿ ಲೀವರ್ ಕಥೆ

ಕಳೆದ ಗಣಪತಿ ಹಬ್ಬದಲ್ಲಿ ತಿಪಟೂರಿನ ಒಂದು ಬೀದಿಯಲ್ಲಿ ಆರ್ಕೆಸ್ಟ್ರಾ ನೋಡುತ್ತಾ ನಿಂತಿದ್ದೆ. ಹಾಡುವ ಹುಡುಗಿ ನೀರು ಕುಡಿಯಲು ಒಳಗೆ ಹೋದಳು. ಕೀಬೋರ್ಡಿನವನು ಯಾವುದೋ ವೈರು ಹಿಡಿದು ಒದ್ದಾಡುತ್ತಿದ್ದ. ಆಗ ಮೈಕ್ ಹಿಡಿದು ಬಂದ ನೋಡಿ, ಒಬ್ಬ ಸಣಕಲು ಹುಡುಗ! ವಜ್ರಮುನಿ ಆದ, ದಿನೇಶ್ ಆದ, ಕೊನೆಗೆ ತಾನು ಚೀಲ ಹೊರುವ ಕೊಬ್ಬರಿ ಮಂಡಿಯ ಸಾಹುಕಾರರೇ ಆಗಿಬಿಟ್ಟ! ಕನ್ನಡಕದ ಮೇಲಿಂದ ತಕ್ಕಡಿ ನೋಡುವುದು, ಕೂಲಿ ಕೊಡುವಾಗ ಬೆರಳಿಗೆ ಎಂಜಲು ಹಚ್ಚಿಕೊಂಡು ನೋಟನ್ನು ಎರಡೆರಡು ಸಲ ಎಣಿಸುವುದು... ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲೇ ಕೂತಿದ್ದ ಸಾಹುಕಾರರು ಮಾತ್ರ ನಗಲಿಲ್ಲ.

ಎಂಟು ನಿಮಿಷ ಅಷ್ಟೇ. ಹುಡುಗಿ ವಾಪಸ್ ಬಂದಳು, ಇವನ ಕೈಯಿಂದ ಮೈಕ್ ಹೋಯಿತು.

ಕಾರ್ಯಕ್ರಮ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಿಕ್ಕ. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಅಣ್ಣಾ, ನೀವು ಪತ್ರಿಕೆಗೆ ಬರೀತೀರಂತೆ. ನಾಳೆ ಸಾಹುಕಾರ್ರು ನನ್ನ ಕೆಲಸದಿಂದ ತೆಗೆದೇ ತೆಗೀತಾರೆ. ಅದಕ್ಕೆ ಮುಂಚೆ ನಾನೇ ಬಿಟ್ಟು ಬೆಂಗಳೂರಿಗೆ ಹೋಗ್ಬಿಡ್ಲಾ? ಅಲ್ಲಿ ಒಬ್ಬನೇ ನಿಂತು ಮಾತಾಡಿದ್ರೂ ಜನ ಟಿಕೆಟ್ ತಗೊಂಡು ಬರ್ತಾರಂತೆ. ಸ್ಟ್ಯಾಂಡಪ್ ಕಾಮಿಡಿ ಅಂತೆ."

ಪಿಯುಸಿ ಅರ್ಧಕ್ಕೆ ಬಿಟ್ಟು, ಒಂದು ಲೇಖನಕ್ಕೆ ಇಷ್ಟು ಎಂದು ಎಣಿಸಿಕೊಂಡು ಬದುಕುವ ನನ್ನನ್ನು ಇಂಥ ಪ್ರಶ್ನೆ ಕೇಳಬಹುದೇ ಸ್ವಾಮಿ? ನಾನು ಕಾಲೇಜು ಬಿಟ್ಟ ದಿನ "ಸ್ವಲ್ಪ ತಾಳೋ" ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು!

"ನಮ್ಮೂರಿನ ನರಸಿಂಹರಾಜು ಇಲ್ವಾ ಅಣ್ಣಾ?" ಅಂದ. ನಿಜ. ಹಾಸ್ಯ ಚಕ್ರವರ್ತಿ ಹುಟ್ಟಿದ್ದು ಇದೇ ತಿಪಟೂರಿನಲ್ಲಿ. 1954ರ 'ಬೇಡರ ಕಣ್ಣಪ್ಪ'ಕ್ಕೆ ಬರುವ ಮೊದಲು ಅವರನ್ನು ಬೆಳೆಸಿದ್ದು ನಾಟಕ ಕಂಪನಿಗಳು. ಆಗಿನ ಕಂಪನಿ ಎಂದರೆ ಪಾಠಶಾಲೆಯೂ ಹೌದು, ಅನ್ನದ ಮನೆಯೂ ಹೌದು. ಈ ಹುಡುಗನಿಗೆ ಯಾವ ಕಂಪನಿ ಇದೆ? ಆರ್ಕೆಸ್ಟ್ರಾದ ಎಂಟು ನಿಮಿಷ, ಮತ್ತೆ ಕೈಯಲ್ಲೊಂದು ಮೊಬೈಲು.

ಅದಕ್ಕೇ ಇನ್ನೊಬ್ಬರ ಕಥೆ ಹೇಳಿದೆ.

1957ರಲ್ಲಿ ಆಂಧ್ರದ ಕನಿಗಿರಿಯಲ್ಲಿ ಹುಟ್ಟಿದ ತೆಲುಗು ಹುಡುಗ ಜಾನ್ ಪ್ರಕಾಶರಾವ್. ಬೆಳೆದದ್ದು ಮುಂಬೈಯ ಧಾರಾವಿಯಲ್ಲಿ. ಮನೆಯಲ್ಲಿ ಹಣವಿಲ್ಲ, ಏಳನೇ ಕ್ಲಾಸಿಗೇ ಶಾಲೆ ಮುಗಿಯಿತು. ಬೀದಿಯಲ್ಲಿ ಪೆನ್ನು ಮಾರಲು ನಿಂತ. ಸುಮ್ಮನೆ ಕೂಗಿದರೆ ಯಾರು ಕೊಳ್ಳುತ್ತಾರೆ? ಹಿಂದಿ ನಟರ ದನಿ ತೆಗೆದು, ಅವರಂತೆ ಕುಣಿದು ಮಾರಿದ. ಪೆನ್ನೂ ಹೋಯಿತು, ಕಲೆಯೂ ಕುದುರಿತು!

ಆಮೇಲೆ ಅಪ್ಪ ದುಡಿಯುತ್ತಿದ್ದ ಹಿಂದೂಸ್ತಾನ್ ಲೀವರ್ ಕಾರ್ಖಾನೆಯಲ್ಲೇ ಕೂಲಿ ಕೆಲಸ. ಭಾರದ ಡ್ರಮ್ಮುಗಳನ್ನು ಎತ್ತಿಡಬೇಕು. ಒಂದು ಸಮಾರಂಭದಲ್ಲಿ ಈತ ಮೇಲಧಿಕಾರಿಗಳನ್ನೇ ಅನುಕರಿಸಿ ತೋರಿಸಿದಾಗ, ಜೊತೆಯ ಕೆಲಸಗಾರರು ಕರೆದ ಹೆಸರೇ ಜಾನಿ ಲೀವರ್! ಕಾರ್ಖಾನೆಯ ಹೆಸರು ಮನೆಹೆಸರಾಯಿತು.

ಆಗಲೂ ಜಾನಿ ಕೆಲಸ ಬಿಡಲಿಲ್ಲ. ಅದೇ ನಾನು ಹುಡುಗನಿಗೆ ಒತ್ತಿ ಹೇಳಿದ್ದು. ಹಗಲು ಡ್ರಮ್ಮು, ರಾತ್ರಿ ಆರ್ಕೆಸ್ಟ್ರಾ. ಹಾಡುಗಳ ನಡುವೆ ನಿಂತು ನಗಿಸುವುದು, ಥೇಟು ಈ ಹುಡುಗನ ಹಾಗೇ. ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜಿ-ಆನಂದ್‌ಜಿ ತಮ್ಮ ತಂಡಕ್ಕೆ ಸೇರಿಸಿಕೊಂಡರು. ವೇದಿಕೆಯ ಸಂಪಾದನೆ ನೆಟ್ಟಗಾಯಿತು, ಕಾರ್ಖಾನೆಗೆ ಗೈರುಹಾಜರಿಯೂ ಹೆಚ್ಚಿತು. ಆಗ, 1981ರಲ್ಲಿ, ಕೆಲಸ ಬಿಟ್ಟರು. ಮರುವರ್ಷ ಅಮಿತಾಭ್ ಬಚ್ಚನ್ ಜೊತೆ ಪ್ರವಾಸ, ಸುನಿಲ್ ದತ್ ಅವರ 'ದರ್ದ್ ಕಾ ರಿಶ್ತಾ'ದಲ್ಲಿ ಪಾತ್ರ. ಹಾಡಿಲ್ಲದೆ ಬರೀ ಮಾತಿನ ಕ್ಯಾಸೆಟ್ 'ಹಂಸಿ ಕೆ ಹಂಗಾಮೆ' ಮನೆಮನೆಗೂ ಹೋಯಿತು. ಹಾಡುಗಳ ನಡುವಿನ ಸಂದು ತುಂಬಿಸುತ್ತಿದ್ದ ನಗುವೇ ಇಡೀ ಕಾರ್ಯಕ್ರಮವಾಯಿತು!

"ಅಷ್ಟೊತ್ತಿಗೆ ಸ್ಟಾರ್ ಆದ್ರಲ್ವಾ?" ಅಂದ ಹುಡುಗ. ಎಲ್ಲಿ ಬಂತು! 'ಬಾಜಿಗರ್'ನ ಮರೆಗುಳಿ ಆಳು ಬಾಬುಲಾಲ್ ದೇಶವನ್ನೆಲ್ಲ ನಗಿಸಿದ್ದು 1993ರಲ್ಲಿ. ಕೆಲಸ ಬಿಟ್ಟು ಹನ್ನೆರಡು ವರ್ಷದ ಮೇಲೆ! 'ದೀವಾನಾ ಮಸ್ತಾನಾ', 'ದುಲ್ಹೇ ರಾಜಾ' ಚಿತ್ರಗಳಿಗೆ ಫಿಲ್ಮ್‌ಫೇರ್ ಬಂದದ್ದು ಇನ್ನೂ ತಡವಾಗಿ. ಇವತ್ತು ಮಗಳು ಜೇಮಿ ಕೂಡ ಅದೇ ಸ್ಟ್ಯಾಂಡಪ್ ವೇದಿಕೆಯ ಮೇಲೆ ನಿಂತಿದ್ದಾಳೆ.

ಟೀ ತಣ್ಣಗಾಗಿತ್ತು. ಹುಡುಗ ಕೇಳಿದ: "ಹಾಗಾದ್ರೆ ಚೀಲ ಹೊರ್ತಾ ಇರು ಅಂತೀರಾ?"

"ಚೀಲಾನೂ ಬಿಡಬೇಡ, ಮೈಕೂ ಬಿಡಬೇಡ ಕಣೋ. ಇವತ್ತು ನೀನು ವಜ್ರಮುನಿ ದನಿ ತೆಗೆದಾಗ ಜನ ಚಪ್ಪಾಳೆ ಹೊಡೆದ್ರು. ಮಂಡಿ ಮಾತಾಡಿದಾಗ ಹೊಟ್ಟೆ ಹಿಡ್ಕೊಂಡ್ರು. ವಜ್ರಮುನಿ ಎಲ್ಲರಿಗೂ ಸಿಗ್ತಾರೆ. ಆ ಮಂಡಿ ನಿನಗೊಬ್ಬನಿಗೇ ಸಿಕ್ಕಿರೋದು. ಎಂಟು ನಿಮಿಷ ಮೊದಲು ಅರ್ಧ ಗಂಟೆ ಆಗಲಿ. ಮೈಕಿನ ದುಡ್ಡು ಮನೆಗೆ ಸಾಕಾದ ದಿನ ಬಸ್ ಹತ್ತು, ನಾನೇ ಟಿಕೆಟ್ ತೆಗೆಸ್ತೀನಿ."

ಹೇಳುವುದೇನೋ ಹೇಳಿದೆ. ಮಾರನೇ ದಿನ ಬೆಳಗಿನಿಂದ ನನಗೇ ಅಳುಕು. ಸಾಹುಕಾರರು ನಿಜವಾಗಿಯೂ ಹೊರಗೆ ಹಾಕಿದ್ದರೆ ನನ್ನ ಉಪದೇಶ ಎಲ್ಲಿಗೆ ಬಂತು?

ಸಂಜೆ ಫೋನ್ ಬಂತು.

"ಅಣ್ಣಾ, ಸಾಹುಕಾರ್ರು ಗದ್ದುಗೆ ಹತ್ರ ಕರೆದ್ರು. ಕಾಲು ನಡುಗ್ತಿತ್ತು. ನನ್ನೇ ದುರುಗುಟ್ಟಿ ನೋಡಿ, 'ಏನಯ್ಯಾ, ನಾನು ನೋಟು ಎರಡು ಸಲ ಎಣಿಸ್ತೀನಾ? ಮೂರು ಸಲ ಎಣಿಸ್ತೀನಿ. ಸರಿಯಾಗಿ ಮಾಡು, ಇಲ್ದಿದ್ರೆ ಮಾಡ್ಬೇಡ' ಅಂದ್ರು."

ಹೇಗಿದೆ ಓದುಗರೇ? ಆ ಸಾಹುಕಾರರಿಗೂ ಒಂದು ಮೈಕ್ ಕೊಡಬೇಕಲ್ಲವೇ!

ಮುಂದಿನ ವಾರ ಸಿಗೋಣ.