ಸೆಮಿಫೈನಲ್ ಬರಲಿ, ಆಮೇಲೆ ನೋಡೋಣ ಎನ್ನುವವರಿಗೆ

ಗ್ರ್ಯಾಂಡ್‌ಸ್ಲಾಮ್ ಟೆನಿಸ್ ಶುರುವಾದಾಗಲೆಲ್ಲ ನಮ್ಮ ಸುತ್ತಮುತ್ತ ಒಂದು ಮಾತು ಕೇಳಿಬರುತ್ತದೆ. "ಈಗ ಎಂಥ ನೋಡುವುದು ಮಾರಾಯ್ರೆ, ಸೆಮಿಫೈನಲ್ ಬರಲಿ. ಮೊದಲ ಸುತ್ತುಗಳಲ್ಲಿ ದೊಡ್ಡವರು ಸಣ್ಣವರನ್ನು ಬಡಿದು ಹಾಕುತ್ತಾರೆ, ಅಷ್ಟೆ!" ಈ ಮಾತನ್ನು ನಾವು ಒಪ್ಪುವುದಿಲ್ಲ. ಟೆನಿಸನ್ನು ಅರ್ಧಂಬರ್ಧ ನೋಡುವವರ ಮಾತು ಇದು ಎಂದೇ ನಮ್ಮ ಅಭಿಪ್ರಾಯ.

ಮೊದಲು ಲೆಕ್ಕ ಮಾಡೋಣ (ಮಾಸ್ಟ್ರ ಬುದ್ಧಿ, ಎಲ್ಲಿಗೆ ಹೋಗುತ್ತದೆ?). ಸಿಂಗಲ್ಸ್‌ನಲ್ಲಿ 128 ಆಟಗಾರರು. ಒಬ್ಬರು ಗೆದ್ದು ಉಳಿಯಬೇಕಾದರೆ 127 ಮಂದಿ ಸೋಲಬೇಕು, ಅಂದರೆ 127 ಪಂದ್ಯ. ಇದರಲ್ಲಿ ಮೊದಲ ಸುತ್ತಿನವು 64, ಎರಡನೆಯದರವು 32. ಸೆಮಿಫೈನಲ್‌ನಿಂದ ಆಚೆಗೆ ಇರುವುದು ಬರೇ ಮೂರು! ಮೂರು ಪಂದ್ಯ ನೋಡಿ 124 ಪಂದ್ಯಗಳ ಬಗ್ಗೆ ತೀರ್ಪು ಕೊಡುವವರಿಗೆ ಏನು ಹೇಳೋಣ?

ಉದಾಹರಣೆಗೆ 2024ರ ಆಸ್ಟ್ರೇಲಿಯನ್ ಓಪನ್ ತೆಗೆದುಕೊಳ್ಳಿ. ಮೆಲ್ಬರ್ನ್‌ನಲ್ಲಿ ಬೆಳಗ್ಗೆ 11 ಗಂಟೆಗೆ ಆಟ ಶುರುವಾದರೆ ನಮಗಿಲ್ಲಿ ಐದೂವರೆ. ಮೊದಲ ದಿನವೇ ಜೊಕೊವಿಚ್ ಎದುರು ನಿಂತದ್ದು ಕ್ರೊಯೇಷಿಯಾದ 18 ವರ್ಷದ ಡಿನೊ ಪ್ರಿಜ್ಮಿಚ್. ಅರ್ಹತಾ ಸುತ್ತಿನಿಂದ ಬಂದವನು, ಗ್ರ್ಯಾಂಡ್‌ಸ್ಲಾಮ್ ಮುಖ್ಯ ಸುತ್ತಿನಲ್ಲಿ ಅವನಿಗದು ಮೊತ್ತಮೊದಲ ಪಂದ್ಯ. ಅಲ್ಲಿ ಹತ್ತು ಸಲ ಗೆದ್ದಿದ್ದ ಆಟಗಾರನಿಂದ ಒಂದು ಸೆಟ್ ಕಿತ್ತುಕೊಂಡ, ನಾಲ್ಕು ಗಂಟೆ ಓಡಾಡಿಸಿದ. ಹುಡುಗ ಸೋತ, ನಿಜ. ಆದರೆ ಇದನ್ನು 'ಬಡಿದು ಹಾಕಿದ್ದು' ಎನ್ನಲಾದೀತೇ?

ಇನ್ನು ಎರಡನೆಯ ಸುತ್ತು. ಮೂರನೇ ಶ್ರೇಯಾಂಕದ ರೈಬಾಕಿನಾ ಎದುರು ಆನಾ ಬ್ಲಿಂಕೋವಾ. ಕೊನೆಯ ಸೆಟ್ಟಿನ ಟೈಬ್ರೇಕ್ ಹತ್ತು ಅಂಕಕ್ಕೆ ಮುಗಿಯಬೇಕಿತ್ತು, ಮುಗಿದದ್ದು 22-20ಕ್ಕೆ! ಗ್ರ್ಯಾಂಡ್‌ಸ್ಲಾಮ್ ಮಹಿಳಾ ಸಿಂಗಲ್ಸ್‌ನಲ್ಲಿ ಅಷ್ಟು ಉದ್ದದ ಟೈಬ್ರೇಕ್ ಅದುವರೆಗೆ ಆಗಿರಲಿಲ್ಲ. ಬ್ಲಿಂಕೋವಾ ಆರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ತನ್ನ ಹತ್ತನೆಯ ಮ್ಯಾಚ್ ಪಾಯಿಂಟಿನಲ್ಲಿ ಗೆದ್ದಳು. ಅದೇ ಕೂಟದ ಮಹಿಳಾ ಫೈನಲ್ ಹೇಗಿತ್ತು? ಸಬಲೆಂಕಾ 6-3, 6-2ರಿಂದ ಒಂದೂಕಾಲು ಗಂಟೆಯಲ್ಲಿ ಮುಗಿಸಿಬಿಟ್ಟಳು. ಸೆಮಿಫೈನಲ್‌ಗೆ ಕಾದು ಕುಳಿತವರಿಗೆ ಸಿಕ್ಕಿದ್ದು ಇದು.

ಏಕಪಕ್ಷೀಯ ಪಂದ್ಯಗಳು ಮೊದಲ ಸುತ್ತುಗಳಲ್ಲಿ ಇಲ್ಲವೇ? ಇವೆ, ಬೇಕಾದಷ್ಟಿವೆ. ಆದರೆ ಅವೂ ಯಾವಾಗಲೂ ನೀವು ಹೇಳಿದ ದಿಕ್ಕಿಗೇ ಹೋಗುವುದಿಲ್ಲ. ಆರನೇ ಶ್ರೇಯಾಂಕದ ಜಬೇರ್ ಅವರನ್ನು 16ರ ಹುಡುಗಿ ಮಿರಾ ಆಂಡ್ರೀವಾ 6-0, 6-2ರಿಂದ ಸೋಲಿಸಿದ್ದೂ ಆ ವರ್ಷದ ಎರಡನೆಯ ಸುತ್ತಿನಲ್ಲೇ.

ನಮ್ಮವರ ಕಡೆಗೆ ಬನ್ನಿ. ಸುಮಿತ್ ನಾಗಲ್ ಆಗ ವಿಶ್ವ ರ‍್ಯಾಂಕಿಂಗ್‌ನಲ್ಲಿ 137ನೆಯವರು. ತಮ್ಮ ಬ್ಯಾಂಕ್ ಖಾತೆಯಲ್ಲಿ 900 ಯೂರೋ ಮಾತ್ರ ಉಳಿದಿದೆ ಎಂದು 2023ರ ಸೆಪ್ಟೆಂಬರ್‌ನಲ್ಲಿ ಹೇಳಿಕೊಂಡಿದ್ದರು. ಮೂರು ಅರ್ಹತಾ ಪಂದ್ಯ ಗೆದ್ದು ಮುಖ್ಯ ಸುತ್ತಿಗೆ ಬಂದು, 31ನೇ ಶ್ರೇಯಾಂಕದ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತರೊಬ್ಬರನ್ನು ಭಾರತೀಯ ಪುರುಷ ಆಟಗಾರ ಸೋಲಿಸಿ 35 ವರ್ಷ ಕಳೆದಿತ್ತು. 1989ರಲ್ಲಿ ಅದೇ ಮೆಲ್ಬರ್ನ್‌ನಲ್ಲಿ ರಮೇಶ್ ಕೃಷ್ಣನ್ ಅವರು ವಿಲಾಂಡರ್ ಅವರನ್ನು ಮಣಿಸಿದ್ದರು, ಅದೂ ಎರಡನೆಯ ಸುತ್ತು! ನಾಗಲ್ ಮುಂದಿನ ಸುತ್ತಿನಲ್ಲಿ ಸೋತರು. ಆದರೆ ಎರಡನೆಯ ಸುತ್ತಿಗೆ ಮುಟ್ಟಿದವರಿಗೆ ಆ ವರ್ಷ ಸಿಗುತ್ತಿದ್ದ 1,80,000 ಆಸ್ಟ್ರೇಲಿಯನ್ ಡಾಲರ್ ಅವರ ಕೈಸೇರಿತು, ನಮ್ಮ ಲೆಕ್ಕದಲ್ಲಿ ಕೋಟಿ ರೂಪಾಯಿಯ ಹತ್ತಿರ. ಮರುತಿಂಗಳು ಚೆನ್ನೈಯಲ್ಲಿ ಚಾಲೆಂಜರ್ ಗೆದ್ದು ಮೊದಲ ನೂರರೊಳಗೆ ಬಂದರು. ಚಾಂಪಿಯನ್‌ಗೆ ಫೈನಲ್ ಎಂದರೆ ಇನ್ನೊಂದು ಕಪ್ಪು. ನಾಗಲ್‌ರಂಥವರಿಗೆ ಮೊದಲ ಸುತ್ತು ಎಂದರೆ ಕೋಚ್‌ನ ಸಂಬಳ, ವಿಮಾನದ ಟಿಕೇಟು, ಮುಂದಿನ ವರ್ಷದ ಅನ್ನ. ಯಾವ ಪಂದ್ಯದಲ್ಲಿ ಪಣ ದೊಡ್ಡದು, ನೀವೇ ಹೇಳಿ!

ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಎಬ್ಡೆನ್ ಜೊತೆ ಡಬಲ್ಸ್ ಕಪ್ ಎತ್ತಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದೇ ಜೋಡಿ ಮೊದಲ ಸುತ್ತಿನಲ್ಲಿ ವೈಲ್ಡ್ ಕಾರ್ಡ್ ಪಡೆದ ಸ್ಥಳೀಯ ಜೋಡಿಯ ಎದುರು ಮೂರನೆಯ ಸೆಟ್ಟಿನ ಟೈಬ್ರೇಕ್ ತನಕ ಹೋಗಿ ಬಚಾವಾದದ್ದು ಎಷ್ಟು ಮಂದಿಗೆ ನೆನಪಿದೆ? ಆವತ್ತು ಎಡವಿದ್ದರೆ ಆ ಚಿತ್ರವೇ ಇರುತ್ತಿರಲಿಲ್ಲ.

ಇದನ್ನೆಲ್ಲ ಶಾಲೆಯವರು ಏಕೆ ಬರೆಯಬೇಕು ಎಂದು ಕೇಳಬಹುದು. ಅಧ್ಯಾಪಕ ಬಂಧುಗಳೇ, ಉಪಜಿಲ್ಲಾ ಕ್ರೀಡಾಕೂಟದಿಂದ ಬಂದ ಮಕ್ಕಳಿಗೆ ನಾವೆಲ್ಲ ಕೇಳುವ ಮೊದಲ ಪ್ರಶ್ನೆ ಏನು? "ಪ್ರೈಜ್ ಬಂತಾ?" ಹೀಟ್ಸ್‌ನಲ್ಲೇ ಹೋಯಿತು ಎಂದು ಮಗು ತಲೆ ತಗ್ಗಿಸುತ್ತದೆ, ಮರುವರ್ಷ ಹೆಸರು ಕೊಡುವುದಿಲ್ಲ. ಸೆಮಿಫೈನಲ್‌ಗೆ ಕಾಯುವ ಟಿ.ವಿ. ವೀಕ್ಷಕನಿಗೂ ಪ್ರೈಜ್ ಬಂದವರನ್ನು ಮಾತ್ರ ಅಸೆಂಬ್ಲಿಯಲ್ಲಿ ಕರೆಯುವ ಶಾಲೆಗೂ ಇರುವುದು ಒಂದೇ ರೋಗ. ಟಿ.ವಿ. ವೀಕ್ಷಕನಿಗೆ ನಷ್ಟವಾಗುವುದು ಕೆಲವು ಒಳ್ಳೆಯ ಪಂದ್ಯಗಳು ಮಾತ್ರ. ಶಾಲೆಗೆ ನಷ್ಟವಾಗುವುದು ಮಕ್ಕಳು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೆ. ಮುಂದಿನ ಕೂಟದ ಮರುದಿನ ಅಸೆಂಬ್ಲಿಯಲ್ಲಿ ಹೀಟ್ಸ್‌ನಲ್ಲಿ ಓಡಿ ಸೋತವರ ಹೆಸರನ್ನೂ ಕರೆಯಿರಿ, ಚಪ್ಪಾಳೆ ತಟ್ಟಿಸಿರಿ. ಮುಂದಿನ ಗ್ರ್ಯಾಂಡ್‌ಸ್ಲಾಮ್‌ನ ಮೊದಲ ಸೋಮವಾರ ಟಿ.ವಿ. ಹಾಕಿ, ಹೆಸರು ಕೇಳದ ಇಬ್ಬರ ಪಂದ್ಯವೊಂದನ್ನು ಕಡೆಯವರೆಗೆ ನೋಡಿರಿ. ಆಮೇಲೂ 'ಎಂಥ ನೋಡುವುದು' ಎನ್ನುವವರಿದ್ದರೆ ವಾದಕ್ಕೆ ನಾವು ಸಿದ್ಧ!